ಒಂದೇ ಬೈಬಲ್, ಇಬ್ಬರ ಕೈಯಲ್ಲಿ

ಗುಲಾಮರ ಒಡೆಯರೂ ಗುಲಾಮರೂ ಒಂದೇ ಬೈಬಲ್ ಹಿಡಿದರು, ಸೆಮಿನಾರಿನಲ್ಲಿ ಇದನ್ನು ಹೇಗೆ ವಿವರಿಸಲಿ ಅಂತ ಕೇಳಿದ್ದೀರಿ. ‘ಕ್ರೈಸ್ತ ಧರ್ಮ’ವನ್ನು ಒಂದೇ ಮುದ್ದೆಯಾಗಿ ನೋಡುತ್ತಿರುವುದೇ ಬಹುಶಃ ತೊಡಕು. ನನ್ನ ಪೇಪರ್ ಕೂಡ ಅಲ್ಲೇ ಸಿಕ್ಕಿಕೊಂಡಿತ್ತು. ಯಾರು ಯಾವ ಭಾಗ ಓದಿದರು ಅಂತ ಶುರು ಮಾಡಿ.

ಮೊದಲು, ವೆಸ್ಟ್ ಇಂಡೀಸ್ ಗುಲಾಮರಿಗೆಂದೇ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಬೈಬಲ್. ಮೋಶೆ ತನ್ನ ಜನರನ್ನು ಈಜಿಪ್ಟಿನ ಗುಲಾಮಗಿರಿಯಿಂದ ಬಿಡಿಸಿಕೊಂಡು ಬರುವ ಕಥೆಗೇ ಕತ್ತರಿ! ದಾಸರು ಯಜಮಾನರ ಮಾತು ಕೇಳಬೇಕು ಎನ್ನುವ ಸಾಲು ಮಾತ್ರ ಹಾಗೇ ಇದೆ. ಹೆದರಿಕೆ ಎಲ್ಲಿತ್ತು ಅಂತ ಗೊತ್ತಾಗುತ್ತೆ, ಅಲ್ವಾ?

ಆಮೇಲೆ ಅಮೆರಿಕದ ವರ್ಜೀನಿಯಾ, 1831. ಗುಲಾಮರ ದಂಗೆ ಎಬ್ಬಿಸಿದ ನ್ಯಾಟ್ ಟರ್ನರ್ ತಾನೂ ಗುಲಾಮ, ಜೊತೆಗೆ ಧರ್ಮಬೋಧಕ. ಮರುವರ್ಷವೇ ಕಪ್ಪು ಜನ ಧರ್ಮಬೋಧನೆ ಮಾಡದಂತೆ ಅಲ್ಲಿ ಕಾನೂನು ಬಂತು.

ಕೊನೆಗೆ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಅದರ ವಿರುದ್ಧವೇ ಹೋರಾಡಿದ ಫ್ರೆಡರಿಕ್ ಡಗ್ಲಾಸ್ ಅವರ 1845ರ ಆತ್ಮಕಥೆಯ ಅನುಬಂಧ ಓದಿ. ಕ್ರಿಸ್ತನ ಧರ್ಮ ಬೇರೆ, ಈ ನಾಡಿನ (ಅಂದರೆ ಅಮೆರಿಕದ) ಕ್ರೈಸ್ತ ಧರ್ಮ ಬೇರೆ ಅಂತ ಅವರೇ ಗೆರೆ ಎಳೆದಿದ್ದಾರೆ. ನಿಮಗೆ ಎಷ್ಟು ಹೊತ್ತು ಕೊಟ್ಟಿದ್ದಾರೋ, ಕಾಲು ಗಂಟೆಗಾದರೆ ಈ ಮೂರೇ ಜಾಸ್ತಿ.