ಓದುಗರ ಪ್ರಶ್ನೆ, ತಜ್ಞರ ಉತ್ತರ: ಗ್ರಂಥಾಲಯದ ಹಳೆಯ ಪುಸ್ತಕಗಳ ಡಿಜಿಟಲೀಕರಣ

ಪ್ರಶ್ನೆ: ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಎರಡು ಸಾವಿರ ಹಳೆಯ ಪುಸ್ತಕಗಳನ್ನು ಡಿಜಿಟಲೀಕರಿಸಲು ಅನುದಾನ ಬಂದಿದೆ. ಯಾವ ಸ್ಕ್ಯಾನರ್ ಕೊಂಡರೆ ಒಂದು ವರ್ಷದಲ್ಲಿ ಕೆಲಸ ಮುಗಿಯುತ್ತದೆ?

ಉತ್ತರ: ಸ್ಕ್ಯಾನರ್ ಮಾತು ಆಮೇಲೆ, ಮೊದಲು ಲೆಕ್ಕ ಹಾಕಿ. ಪುಸ್ತಕಕ್ಕೆ 300 ಪುಟದಂತೆ ಒಟ್ಟು 6 ಲಕ್ಷ ಪುಟ. ಯಂತ್ರದ ಕರಪತ್ರದಲ್ಲಿ ಕಾಣುವ ವೇಗ ಸಲೀಸಾಗಿ ಬಿಚ್ಚಿಕೊಳ್ಳುವ ಹೊಸ ಪುಸ್ತಕದ್ದು. ಹೊಲಿಗೆ ಬಿಗಿಯಾದ, ಅಂಚು ಉದುರುವ ಪುಸ್ತಕಗಳಿಗೆ ಗಂಟೆಗೆ 300 ಪುಟ ಎಂದಿಟ್ಟುಕೊಳ್ಳಿ. ಆಗ 2,000 ಗಂಟೆ ಬೇಕು. ದಿನಕ್ಕೆ ಆರು ಗಂಟೆ ಕೆಲಸ ನಡೆದರೆ ಒಂದು ಯಂತ್ರಕ್ಕೆ 333 ದಿನ. ರಜೆ ಕಳೆದರೆ ವರ್ಷ ಸಾಲುವುದಿಲ್ಲ. ಇದೂ ಬರೀ ಸ್ಕ್ಯಾನಿಂಗ್‌ನ ಲೆಕ್ಕ. ಕಪಾಟಿನಿಂದ ತೆಗೆಯುವುದು, ಧೂಳು ಒರೆಸುವುದು, ಹರಿದದ್ದನ್ನು ಗುರುತಿಸುವುದು, ವಿವರ ದಾಖಲಿಸುವುದು, ಚಿತ್ರಗಳನ್ನು ಪರೀಕ್ಷಿಸುವುದು ಇವೆಲ್ಲ ಸೇರಿದರೆ ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತದೆ. ಯೋಜನೆಗಳು ಸಾಮಾನ್ಯವಾಗಿ ಕುಂಟುವುದು ಇಲ್ಲಿಯೇ: ಸ್ಕ್ಯಾನ್ ಆದ ಫೈಲುಗಳು ರಾಶಿ ಬೀಳುತ್ತವೆ, ನೋಡುವವರಿರುವುದಿಲ್ಲ.

ಪಟ್ಟಿಯನ್ನೂ ಜಾಲಿಸಿ. ಅದೇ ಆವೃತ್ತಿ ಡಿಜಿಟಲ್ ಗ್ರಂಥಾಲಯಗಳಾದ ಇಂಟರ್ನೆಟ್ ಆರ್ಕೈವ್‌ನಲ್ಲೋ ಹಾತಿಟ್ರಸ್ಟ್‌ನಲ್ಲೋ ಒಳ್ಳೆಯ ಗುಣಮಟ್ಟದಲ್ಲಿ ಇದ್ದರೆ ನಿಮ್ಮ ಶ್ರಮ ಬೇರೆ ಪುಸ್ತಕಕ್ಕೆ ಸಲ್ಲಲಿ. ಕೃತಿಸ್ವಾಮ್ಯವನ್ನು ಈ ಹಂತದಲ್ಲೇ ನೋಡಿ. ಲೇಖಕರದಷ್ಟೇ ಅಲ್ಲ, ಅನುವಾದಕರು, ಚಿತ್ರಕಾರರು, ಮುನ್ನುಡಿ ಬರೆದವರು ತೀರಿಕೊಂಡ ವರ್ಷವೂ ಲೆಕ್ಕಕ್ಕೆ ಬರುತ್ತದೆ.

ಉಳಿದ ಪಟ್ಟಿಯಿಂದ 50 ಪುಸ್ತಕ ಆರಿಸಿ ಪ್ರಾಯೋಗಿಕ ಕಂತು ಮಾಡಿ. ದಪ್ಪನೆಯದು, ಹುಳು ತಿಂದದ್ದು, ಮಡಚಿದ ನಕ್ಷೆ ಇರುವುದು, ಸಣ್ಣಚ್ಚಿನದು, ಎಲ್ಲವೂ ಅದರಲ್ಲಿರಲಿ. ಪ್ರತಿ ಹಂತಕ್ಕೆ ಹಿಡಿದ ನಿಮಿಷಗಳನ್ನು ಬರೆದಿಟ್ಟುಕೊಂಡರೆ ಎಷ್ಟು ಜನ, ಎಷ್ಟು ತಿಂಗಳು, ಯಾವ ಯಂತ್ರ ಎಂಬುದು ತಾನಾಗಿ ಗೊತ್ತಾಗುತ್ತದೆ. ರಟ್ಟು ಕಟ್ಟಿದ ಪುಸ್ತಕಕ್ಕೆ ವಿ ಆಕಾರದ ತೊಟ್ಟಿಲಿದ್ದು ಮೇಲಿನಿಂದ ಚಿತ್ರ ತೆಗೆಯುವ ಯಂತ್ರವೇ ಸರಿ. ಫ್ಲಾಟ್‌ಬೆಡ್ ಸ್ಕ್ಯಾನರ್‌ನ ಗಾಜಿನ ಮೇಲೆ ಬೋರಲು ಹಾಕಿ ಒತ್ತಿದರೆ ಬೆನ್ನು ಬಿರುಕು ಬಿಡುತ್ತದೆ. ಹಾಳೆ ಎಳೆದುಕೊಳ್ಳುವ ಸ್ಕ್ಯಾನರ್ ಬಿಡಿ ಹಾಳೆಗಳಿಗೆ ಮಾತ್ರ, ಅದೂ ಕಾಗದ ಗಟ್ಟಿಯಿದ್ದರೆ.

ಪ್ರಶ್ನೆ: ಜಾಗ ಉಳಿಸಲು ನೇರವಾಗಿ ಕಪ್ಪು-ಬಿಳುಪು ಪಿಡಿಎಫ್ ಮಾಡಿಟ್ಟರೆ ಸಾಲದೇ?

ಉತ್ತರ: ಸಾಲದು. ಕಪ್ಪು-ಬಿಳುಪಿನಲ್ಲಿ ಪ್ರತಿ ಬಿಂದುವೂ ಕಪ್ಪೋ ಬಿಳಿಯೋ ಆಗಲೇಬೇಕು. ಹಳದಿಗಟ್ಟಿದ ಕಾಗದದಲ್ಲಿ ಇದರಿಂದ ಒತ್ತಕ್ಷರಗಳ ಒಳಗಿನ ಖಾಲಿ ಜಾಗ ತುಂಬಿಕೊಂಡು ಮಸಿಯ ಚುಕ್ಕೆಯಾಗುತ್ತದೆ, ಪೆನ್ಸಿಲ್ ಟಿಪ್ಪಣಿಗಳು ಅಳಿಸಿಹೋಗುತ್ತವೆ. ಮೂಲಪ್ರತಿಯನ್ನು 24 ಬಿಟ್ ಬಣ್ಣದ ಟಿಫ್ (ವಿವರ ಕಳೆಯದೆ ಚಿತ್ರ ಉಳಿಸುವ ಫೈಲ್ ಬಗೆ) ಆಗಿಯೇ ಇಡಿ. ಸಾಧಾರಣ ಅಚ್ಚಿಗೆ 300 ಪಿಪಿಐ (ಇಂಚಿಗೆ ಇಷ್ಟು ಬಿಂದು), ಸಣ್ಣಚ್ಚು ಮತ್ತು ಹಸ್ತಪ್ರತಿಗೆ 400. ಎ4 ಪುಟವೊಂದು 300ರಲ್ಲಿ ಸುಮಾರು 26 ಎಂಬಿ, 400ರಲ್ಲಿ 46 ಎಂಬಿ. ಎ5 ಆದರೆ ಇದರ ಅರ್ಧ. ಚಿತ್ರದ ವಿವರ ನಷ್ಟವಾಗದ ಬಗೆಯ ಜೆಪೆಗ್ 2000 ಸಂಕೋಚನ ಬಳಸಿದರೆ ಗಾತ್ರ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಓದುಗರಿಗೆ ಕೊಡುವ ಪಿಡಿಎಫ್ ಇದರಿಂದ ಹುಟ್ಟಲಿ. ಪಿಡಿಎಫ್ ಅನ್ನು ಯಾವಾಗ ಬೇಕಾದರೂ ಮತ್ತೆ ತಯಾರಿಸಬಹುದು, ಆದರೆ ಪುಡಿಯಾಗುತ್ತಿರುವ ಪುಸ್ತಕವನ್ನು ಎರಡನೇ ಸಲ ಬಿಚ್ಚಲಾಗದು.

ಪ್ರಶ್ನೆ: ಸಿದ್ಧವಾದ ಪುಸ್ತಕಗಳಲ್ಲಿ ಪುಟ ತಪ್ಪಿರುವುದು ತಿಂಗಳುಗಳ ನಂತರ ತಿಳಿಯುತ್ತದೆ. ತಡೆಯುವುದು ಹೇಗೆ?

ಉತ್ತರ: ಸ್ಕ್ಯಾನ್ ಮಾಡುವ ಮೊದಲೇ ಪುಟ ಎಣಿಸಿ ಚೀಟಿಯಲ್ಲಿ ಬರೆಯಿರಿ. ಮುಖಪುಟ, ಖಾಲಿ ಪುಟ, ಚಿತ್ರಪುಟಗಳೂ ಸೇರಬೇಕು. ಮುಗಿದ ಮೇಲೆ ಫೈಲುಗಳ ಸಂಖ್ಯೆ ತಾಳೆಯಾಗದಿದ್ದರೆ ಪುಸ್ತಕ ಕಪಾಟಿಗೆ ಹೋಗಕೂಡದು. ಫೈಲಿನ ಹೆಸರಿಗೆ ಅಚ್ಚಾದ ಪುಟಸಂಖ್ಯೆ ಬಳಸಬೇಡಿ, ಹಳೆಯ ಪುಸ್ತಕಗಳಲ್ಲಿ ಅದೇ ತಪ್ಪಿರುವುದುಂಟು. ಅಕ್ಸೆಷನ್ ಸಂಖ್ಯೆಯ (ಗ್ರಂಥಾಲಯ ಪ್ರತಿ ಪುಸ್ತಕಕ್ಕೆ ಕೊಟ್ಟ ದಾಖಲೆ ಸಂಖ್ಯೆ) ಮುಂದೆ ನಾಲ್ಕಂಕಿಯ ಕ್ರಮಸಂಖ್ಯೆ ಸಾಕು: 04571_0001, 04571_0002. ಪರೀಕ್ಷಿಸುವವರು ಸ್ಕ್ಯಾನ್ ಮಾಡಿದವರೇ ಆಗಿರಬಾರದು. ಬಣ್ಣ ದಿನದಿಂದ ದಿನಕ್ಕೆ ಬದಲಾದರೆ ಕಿಟಕಿಯ ಬೆಳಕನ್ನು ಶಂಕಿಸಿ. ಪರದೆ ಎಳೆಯಿರಿ, ಪ್ರತಿ ಪಾಳಿಯ ಆರಂಭದಲ್ಲಿ ಬಣ್ಣದ ಪಟ್ಟಿಯ ಚಿತ್ರ ತೆಗೆಯಿರಿ.

ಪ್ರಶ್ನೆ: ಓಸಿಆರ್ (ಪುಟದ ಚಿತ್ರದಿಂದ ಅಕ್ಷರಗಳನ್ನು ಯಂತ್ರವೇ ಓದಿ ಪಠ್ಯವಾಗಿಸುವುದು) ಮಾಡಿಸಿದ್ದೇವೆ. ಪುಟದಲ್ಲಿ ಕಣ್ಣಿಗೆ ಕಾಣುವ ಪದವೇ ಹುಡುಕಿದರೆ ಸಿಗುವುದಿಲ್ಲ. ಏಕೆ?

ಉತ್ತರ: ಕನ್ನಡದಲ್ಲಿ ಕಾರಣಗಳು ಹಲವು. ಮೊದಲನೆಯದು, ಒಂದೇ ರೂಪದ ಬೇರೆ ಬೇರೆ ಚಿಹ್ನೆಗಳು. ಅನುಸ್ವಾರ ಮತ್ತು ಕನ್ನಡದ ಸೊನ್ನೆ ಕಣ್ಣಿಗೆ ಒಂದೇ, ಯಂತ್ರಕ್ಕೆ ಎರಡು. "ಬ೦ದ" ಎಂದು ಸೊನ್ನೆ ಹಾಕಿದ್ದರೆ "ಬಂದ" ಎಂದು ಹುಡುಕಿದವರಿಗೆ ಅದು ಸಿಗದು. ಅರ್ಕಾವೊತ್ತೂ ಹಾಗೆಯೇ: "ವರ್ಷ" ಎಂಬುದು ಒಂಬತ್ತರ ಅಂಕಿ ಸೇರಿ "ವಷ೯" ಆಗಿ ಕೂತಿರುತ್ತದೆ. ಅಕ್ಷರದ ಪಕ್ಕದಲ್ಲಿ ಅಂಟಿಕೊಂಡ ಸೊನ್ನೆ, ಒಂಬತ್ತುಗಳನ್ನು ಹುಡುಕಿ ತಿದ್ದುವ ಚಿಕ್ಕ ಸ್ಕ್ರಿಪ್ಟ್ ಬರೆಸಿಕೊಳ್ಳಿ. ಸೊನ್ನೆಯನ್ನು ಅನುಸ್ವಾರವಾಗಿ ಬದಲಿಸಿದರೆ ಸಾಕು. ಒಂಬತ್ತು ಹಾಗಲ್ಲ, ಅದರ ಬದಲಿಗೆ ಬರುವ "ರ್" ವ್ಯಂಜನಕ್ಕಿಂತ ಮೊದಲು ಹೋಗಿ ಕೂರಬೇಕು. ನಿಜವಾದ ಅಂಕಿಗಳು ಕೆಡದಂತೆ ಒಂದಷ್ಟು ಪುಟಗಳ ಮೇಲೆ ಮೊದಲು ಪ್ರಯೋಗಿಸಿ ನೋಡಿ.

ಎರಡನೆಯದು, ಸ್ವರಚಿಹ್ನೆಗಳ ಸಂಕೇತ. "ಕೊ"ದಲ್ಲಿರುವ ಒತ್ವವನ್ನು ಅಕ್ಷರಗಳ ಜಾಗತಿಕ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ಊ ಚಿಹ್ನೆ ಎಂದು ಎರಡಾಗಿಯೂ ಬರೆಯಬಹುದು. ಪರದೆಯ ಮೇಲೆ ವ್ಯತ್ಯಾಸ ಕಾಣದು. ಪಠ್ಯವನ್ನೂ ಹುಡುಕುವವರು ಟೈಪಿಸಿದ ಪದವನ್ನೂ ಎನ್‌ಎಫ್‌ಸಿ ರೂಪಕ್ಕೆ (ಇಂತಹ ಜೋಡಿಗಳನ್ನು ಒಂದೇ ಸಂಕೇತವಾಗಿಸುವ ಯೂನಿಕೋಡ್ ರೂಪ) ತಂದರೆ ಈ ತೊಂದರೆ ಪೂರ್ತಿ ನಿವಾರಣೆಯಾಗುತ್ತದೆ. ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ತೊಡಿಸಿದ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಟೈಪಿಸಿದ ಗ್ರಂಥಸೂಚಿಯಿದ್ದರೆ ಅದನ್ನು ಯೂನಿಕೋಡ್‌ಗೆ ಪರಿವರ್ತಿಸದೆ ಡಿಜಿಟಲ್ ಸಂಗ್ರಹಗಳ ತಂತ್ರಾಂಶವಾದ ಡಿಸ್ಪೇಸ್‌ಗೆ ಏರಿಸಬೇಡಿ.

ಮೂರನೆಯದು ಓದುವಿಕೆಯ ತಪ್ಪುಗಳೇ. ಶೇಕಡಾ 98 ನಿಖರತೆ ಎಂದರೂ 1,500 ಅಕ್ಷರಗಳ ಪುಟದಲ್ಲಿ 30 ತಪ್ಪು. ಓಸಿಆರ್ ತಂತ್ರಾಂಶವಾದ ಟೆಸರಾಕ್ಟ್ ಕನ್ನಡ ಓದುತ್ತದೆ, ಆದರೆ ಓರೆಯಾದ ಪುಟ, ಹಿಂಬದಿಯ ಮಸಿ ತೋರುವ ಕಾಗದ, ಎರಡು ಅಂಕಣದ ವಿನ್ಯಾಸ ಅದನ್ನು ಕಂಗೆಡಿಸುತ್ತವೆ. ಪುಟ ನೆಟ್ಟಗೆ ಮಾಡಿ, ಅಂಚು ಕತ್ತರಿಸಿ ಕೊಟ್ಟರೆ ಫಲಿತಾಂಶ ಗಮನಾರ್ಹವಾಗಿ ಸುಧಾರಿಸುತ್ತದೆ. ಎಲ್ಲವನ್ನೂ ಕೈಯಿಂದ ತಿದ್ದಲು ಹೊರಡಬೇಡಿ. ಶೀರ್ಷಿಕೆ, ಲೇಖಕರು, ಪರಿವಿಡಿ ಇಷ್ಟನ್ನು ಮನುಷ್ಯರೇ ಓದಿ ಸರಿಪಡಿಸಲಿ. ಹುಡುಕುವವರಲ್ಲಿ ಹೆಚ್ಚಿನವರು ಬರುವುದು ಈ ದಾರಿಯಲ್ಲೇ.

ಪ್ರಶ್ನೆ: ಕೆಲಸವನ್ನು ಹೊರಗುತ್ತಿಗೆ ಕೊಡುವಾಗ ಕರಾರಿನಲ್ಲಿ ಏನಿರಬೇಕು?

ಉತ್ತರ: ಹಣ ಸ್ಕ್ಯಾನ್ ಆದ ಪುಟಕ್ಕಲ್ಲ, ನೀವು ಪರೀಕ್ಷಿಸಿ ಒಪ್ಪಿದ ಪುಟಕ್ಕೆ. ತಪ್ಪಾದದ್ದನ್ನು ಅವರೇ ಪುಕ್ಕಟೆ ಮತ್ತೆ ಮಾಡಬೇಕು. ಟಿಫ್ ಮೂಲಗಳೆಲ್ಲ ನಿಮ್ಮ ಕೈಸೇರಬೇಕು. ಹೊಲಿಗೆ ಬಿಚ್ಚುವಂತಿಲ್ಲ. ಪುಸ್ತಕ ಕಟ್ಟಡ ಬಿಟ್ಟು ಹೋಗದಿದ್ದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಹಾರ್ಡ್‌ಡಿಸ್ಕ್‌ಗಳನ್ನು ಬೀರುವಿನಲ್ಲಿ ಭದ್ರವಾಗಿಟ್ಟಿದ್ದೇವೆ. ಸಾಕಲ್ಲವೇ?

ಉತ್ತರ: ಬೀರುವಿನ ಡಿಸ್ಕ್ ಯಾವಾಗ ಕೆಟ್ಟಿತೆಂದು ಯಾರಿಗೂ ತಿಳಿಯುವುದಿಲ್ಲ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ: ಇದು ಕನಿಷ್ಠ. ಪ್ರತಿ ಫೈಲಿಗೂ ಒಳಗಿನ ದತ್ತಾಂಶದಿಂದ ಲೆಕ್ಕಹಾಕುವ ಗುರುತು, ಅಂದರೆ ಎಸ್‌ಎಚ್‌ಎ-256 ಚೆಕ್‌ಸಮ್ ಬರೆದಿಟ್ಟು ವರ್ಷಕ್ಕೊಮ್ಮೆ ಮತ್ತೆ ಲೆಕ್ಕಹಾಕಿ ಹೋಲಿಸಿ. ಹೊಂದದ ಫೈಲನ್ನು ಇನ್ನೊಂದು ಪ್ರತಿಯಿಂದ ಆಗಲೇ ಸರಿಪಡಿಸಬಹುದು. ಈ ಕೆಲಸಕ್ಕೆ ಅನುದಾನ ಮುಗಿದ ಮೇಲೂ ಇರುವ ಖಾಯಂ ಸಿಬ್ಬಂದಿಯೊಬ್ಬರನ್ನು ಲಿಖಿತ ಆದೇಶದಲ್ಲೇ ನೇಮಿಸಿ, ಡಿಸ್ಕ್ ಬದಲಿಸುವ ಖರ್ಚನ್ನು ಗ್ರಂಥಾಲಯದ ವಾರ್ಷಿಕ ಬಜೆಟ್‌ನಲ್ಲಿ ಸೇರಿಸಿ.