ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆಗೆ ನ್ಯಾಷನಲ್ ಚೌಕಟ್ಟು ಕೂರುತ್ತದಾ?

ಪ್ರಶ್ನೆ: ನಾನು ಶಿರಸಿ ಕಡೆಯವನು, ಈಗ ಇಂಗ್ಲೆಂಡಿನಲ್ಲಿದ್ದೇನೆ. ಎರಡು ವರ್ಷದಿಂದ ಜೇನು ಸಾಕುತ್ತಿದ್ದೇನೆ. ಎರಿ (ಮೇಣದ ಗೂಡು) ಕಟ್ಟಲೆಂದು ಪೆಟ್ಟಿಗೆಯೊಳಗೆ ನೇತುಹಾಕುವ ನನ್ನ ಚೌಕಟ್ಟುಗಳೆಲ್ಲ ಇಲ್ಲಿನ ನ್ಯಾಷನಲ್ ಅಳತೆಯವು. ಅಗ್ಗಕ್ಕೆ ಸಿಕ್ಕಿತೆಂದು ಪಾಲಿಸ್ಟೈರೀನ್ (ಥರ್ಮೋಕೋಲ್ ಥರದ) ಪೆಟ್ಟಿಗೆ ತಂದೆ, ನೋಡಿದರೆ ಅದು ಲ್ಯಾಂಗ್‌ಸ್ಟ್ರಾತ್ ಅನ್ನುವ ಬೇರೆ ಅಳತೆಯದು! ಚೌಕಟ್ಟು ಒಳಗೇ ಬಿದ್ದುಹೋಗುತ್ತದೆ. ಏನು ಮಾಡಲಿ?

ಉತ್ತರ: ಉದ್ದಕ್ಕೆ ಇಟ್ಟಿದ್ದೀರಿ, ಬೀಳದೆ ಇನ್ನೇನು? ಲ್ಯಾಂಗ್‌ಸ್ಟ್ರಾತ್‌ನ ಒಳಗಿನ ಉದ್ದ ಸುಮಾರು 467 ಮಿ.ಮೀ., ನಿಮ್ಮ ಚೌಕಟ್ಟಿನ ಮೇಲಿನ ಪಟ್ಟಿ 432 ಮಿ.ಮೀ. ಅಷ್ಟೇ. ಅಡ್ಡ ತಿರುಗಿಸಿ ನೋಡಿ. ಒಳಗಿನ ಅಗಲ 371, ಕಿವಿ (ಮೇಲಿನ ಪಟ್ಟಿಯ ಎರಡೂ ತುದಿಯಲ್ಲಿ ಚಾಚಿಕೊಂಡ ಭಾಗ) ಬಿಟ್ಟರೆ ಚೌಕಟ್ಟು 356, ಅಂದರೆ ಎರಡೂ ಬದಿ ಏಳೂವರೆ ಮಿ.ಮೀ. ಜಾಗ ಉಳಿಯುತ್ತದೆ. ಜೇನಿಗೆ ಓಡಾಡಲು ಬೇಕಾದ್ದು ಅಷ್ಟೇ ಅಲ್ವಾ! ಜಾಗ ಆರು ಮಿ.ಮೀ.ಗಿಂತ ಕಮ್ಮಿಯಾದರೆ ಅಂಟು ಮೆತ್ತುತ್ತವೆ, ಒಂಬತ್ತು ದಾಟಿದರೆ ಎರಿ ಕಟ್ಟುತ್ತವೆ. ಹೀಗೆ ಹನ್ನೆರಡು ಚೌಕಟ್ಟು ಆರಾಮಾಗಿ ಕೂರುತ್ತವೆ. ಆದರೆ ಒಂದೊಂದು ಕಂಪನಿಯ ಅಳತೆ ಒಂದೊಂದು ಥರ, ಹಾಗಾಗಿ ಕತ್ತಿ ಹಿಡಿಯುವ ಮೊದಲು ಟೇಪು ಹಿಡಿಯಿರಿ.

ತೊಡಕು ಇರುವುದು ಕಿವಿಯಲ್ಲಿ. ಅದು ಒಂದೊಂದು ಬದಿ 38 ಮಿ.ಮೀ. ಉದ್ದ, ಪೂರ್ತಿ ಕೂರಿಸಲು ಗೋಡೆಯನ್ನು ಮೂವತ್ತಕ್ಕೂ ಜಾಸ್ತಿ ಕೊರೆಯಬೇಕು, ಆಮೇಲೆ ಗೋಡೆ ಅಂತ ಉಳಿಯುವುದು ಹಪ್ಪಳ. ಕಿವಿಯನ್ನೇ 18ಕ್ಕೆ ಕತ್ತರಿಸಿ, ಗೋಡೆಯಲ್ಲಿ 13 ಅಗಲ, 18 ಆಳದ ಕಚ್ಚು ಮಾಡಿ. ಕಚ್ಚಿನ ಅಂಚಿಗೆ ತಗಡಿನ ಪಟ್ಟಿ ಕೂರಿಸಿ, ಇಲ್ಲದಿದ್ದರೆ ಜೇನು ಮೆತ್ತಿದ ಅಂಟು ಕೆರೆಯುವಾಗ ಪೆಟ್ಟಿಗೆಯೂ ಚೂರು ಚೂರಾಗಿ ಏಳುತ್ತದೆ. ಗಿಡ್ಡ ಬದಿಯ ಹಳೆಯ ಕಚ್ಚುಗಳನ್ನು ಅದೇ ಪಾಲಿಸ್ಟೈರೀನ್ ತುಂಡಿನಿಂದ ಮುಚ್ಚಿಬಿಡಿ.

ಅಂಟಿಸಲು ಪಾಲಿಯುರೆಥೇನ್ ಅಂಟು ಬಳಸಿ. ನಾನೊಮ್ಮೆ ಮನೆಯಲ್ಲಿದ್ದ ಚಪ್ಪಲಿ ಅಂಟು ಹಚ್ಚಿ, ಚಹಾ ಕುಡಿದು ಬರುವಷ್ಟರಲ್ಲಿ ಮೂಲೆ ಕರಗಿ ತೂತಾಗಿತ್ತು. ಬಿಸಿ ತಂತಿಯಿಂದ ಕೊಯ್ಯುವುದಾದರೆ ಅಂಗಳದಲ್ಲೇ ಮಾಡಿ, ಆ ಹೊಗೆ ಒಳ್ಳೆಯದಲ್ಲ.

ಇನ್ನೊಂದು ವಿಷಯ. ನಿಮ್ಮ ಚೌಕಟ್ಟು ಗಿಡ್ಡ, ಕೆಳಗೆ ಸುಮಾರು 20 ಮಿ.ಮೀ. ಖಾಲಿ ಉಳಿಯುತ್ತದೆ. ಸಂಸಾರ ಕೋಣೆ (ಮೊಟ್ಟೆ, ಮರಿ ಇರುವ ಕೆಳಗಿನ ಪೆಟ್ಟಿಗೆ) ಒಂದೇ ಇದ್ದರೆ ಅಷ್ಟೇನೂ ತೊಂದರೆಯಿಲ್ಲ. ಒಂದರ ಮೇಲೊಂದು ಇಟ್ಟರೆ ಮಾತ್ರ ನಡುವೆ ಎರಿ ಕಟ್ಟಿ ಎರಡನ್ನೂ ಬೆಸೆದುಬಿಡುತ್ತವೆ. ಅದರ ಮೇಲಿಡುವ, ತುಪ್ಪ ತುಂಬುವ ಜೇನು ಕೋಣೆಗೆ ಏನೂ ಮಾಡಬೇಡಿ. ಅಲ್ಲಿ ಲ್ಯಾಂಗ್‌ಸ್ಟ್ರಾತ್ ಚೌಕಟ್ಟನ್ನೇ ಉದ್ದಕ್ಕೆ ಹಾಕಿ, ಕೆಳಗೆ ಅಡ್ಡ ಮೇಲೆ ಉದ್ದ ಅಂತ ಜೇನೇನೂ ತಕರಾರು ತೆಗೆಯುವುದಿಲ್ಲ.