ಜಗಳ ಕಲಿಯೋಕೆ ಬಂದ ಅಜ್ಜ

ತಂಗಿ, ನೀನು ಜಪಾನಿನ ನಗೋಯಾಕ್ಕೆ ಬಂದು ಇನ್ನೂ ಎರಡೇ ತಿಂಗಳು. ಎಯ್ಕೈವಾ ಕ್ಲಾಸಲ್ಲಿ, ಅಂದ್ರೆ ಇಂಗ್ಲಿಷ್ ಮಾತಾಡೋದು ಹೇಳಿಕೊಡೋ ಆ ಖಾಸಗಿ ಶಾಲೆಯಲ್ಲಿ, ಒಬ್ಬ ಹಿರಿಯರು ಪುಸ್ತಕ ತೆರೆಯೋದೇ ಇಲ್ಲ, ದಿನಾ ಏನೋ ವಿಚಿತ್ರ ವಿಷಯ ತರ್ತಾರೆ, ಮ್ಯಾನೇಜರಿಗೆ ಹೇಳಿಬಿಡ್ಲಾ ಅಂತ ಕೇಳಿದ್ದೀಯ. ಹೇಳ್ಬೇಡ.

ನಾನು ಚಿಬಾದಲ್ಲಿ ಪಾಠ ಶುರುಮಾಡಿದಾಗ ನನಗೂ ಒಬ್ಬರು ಗಂಟುಬಿದ್ರು. ಎಪ್ಪತ್ತು ದಾಟಿದ ಗಡಿಯಾರ ರಿಪೇರಿಯವರು. ವಿದೇಶಕ್ಕೆ ಹೋದವರಲ್ಲ, ಹೋಗೋ ಆಸೆನೂ ಇರ್ಲಿಲ್ಲ. ಟೋಯಿಕ್ ಅನ್ನೋ ಇಂಗ್ಲಿಷ್ ಪರೀಕ್ಷೆಯಲ್ಲಿ 990ಕ್ಕೆ 990 ತಗೊಳ್ಳೋ ಹುಚ್ಚೂ ಇಲ್ಲ. ಅವರಿಗೆ ಬೇಕಾಗಿದ್ದು ಇಂಗ್ಲಿಷಲ್ಲಿ ತಕರಾರು ಮಾಡೋದು! ಪ್ರತಿ ಗುರುವಾರ ಅವರು ಗಿರಾಕಿ, ನಾನು ಮಾಣಿ. "ಜಿಸು ಸೂಪು ಇಜು ಕೋರುದೊ!", ಅಂದ್ರೆ 'ದಿಸ್ ಸೂಪ್ ಈಸ್ ಕೋಲ್ಡ್', ಅಂತ ಮೇಜು ಗುದ್ದೋರು, ಆಮೇಲೆ ಎದ್ದುನಿಂತು ನನಗೆ ಬಗ್ಗಿ ಕ್ಷಮೆ ಕೇಳೋರು. ಪುಸ್ತಕ ತೆಗೆಯೋಣ್ವಾ ಅಂದ್ರೆ ಹಲ್ಲಿನ ಸಂದಿಯಿಂದ ಉಸಿರೆಳೆದು "ಚೊತ್ತೊ..." ಅನ್ನೋರು. 'ಸ್ವಲ್ಪ' ಅಂತ ತಿಳ್ಕೊಂಡು ನಾನು ಪುಸ್ತಕ ತೆಗೆದೇಬಿಡ್ತಿದ್ದೆ. ಇಲ್ಲಿ ಹಾಗೆ ಎಳೆದು ಅಂದ್ರೆ 'ಆಗಲ್ಲ' ಅಂತ, ನೆನಪಿಟ್ಕೋ.

ಒಂದಿನ ಹೋಟೆಲ್ ರೂಮಿನ ದೂರು: "ಮೈ ರೂಮು, ನೋ ಕೊನ್ಸೆಂತೊ!" ಇಂಗ್ಲಿಷಿನ 'ಕನ್ಸೆಂಟ್', ಅಂದ್ರೆ ಒಪ್ಪಿಗೆ, ಅಂತ ಕೇಳಿಸಿ ನಾನು ಬೆಚ್ಚಿಬಿದ್ದೆ. ಪ್ಲಗ್ ಹಾಕೋ ಸಾಕೆಟ್ಟಿಗೆ ಇಲ್ಲಿ ಕೊನ್ಸೆಂತೊ ಅಂತಾರೆ. ಹಾಗೇ ಮಾನ್ಶೊನ್ ಅಂದ್ರೆ ಬಂಗಲೆ ಅಲ್ಲ, ಸಾದಾ ಅಪಾರ್ಟ್‌ಮೆಂಟು. ರ-ಲ ಭೇದ ಇಲ್ಲದ ಭಾಷೆ, ಹಾಗಾಗಿ ರೈಸ್ ಅನ್ನೋದು ಎಷ್ಟೋ ಸಲ ಲೈಸ್ ಥರ ಕೇಳುತ್ತೆ. ತಟ್ಟೆಯಲ್ಲಿದ್ದ ಅನ್ನ ಹೇನಾಗಿಬಿಡುತ್ತೆ. ನಗಬೇಡ. ಬುಕ್ಕನ್ನ ಅವರು 'ಬುಕ್ಕು' ಅಂತಾರೆ, ನಮ್ಮಜ್ಜಿನೂ ಅದನ್ನೇ ಅಂತಿದ್ಲು. ಕ್ರಿಯಾಪದನೂ ನಮ್ಮ ಹಾಗೇ ಕೊನೆಗೆ. ಅವರು ಎಲ್ಲಿ ಎಡವ್ತಾರೆ ಅಂತ ಅಮೆರಿಕದ ಮೇಷ್ಟ್ರಿಗಿಂತ ಬೇಗ ನಮಗೇ ಹೊಳೆಯುತ್ತೆ.

ಯಾಕ್ ಸಾರ್ ಬರೀ ಜಗಳ ಅಂತ ಒಮ್ಮೆ ಕೇಳಿದೆ. ಜಪಾನಿಯಲ್ಲಿ ಬಾಯಿ ತೆರೆದ್ರೆ ಮೊದಲು ಬೆನ್ನು ಬಗ್ಗಿಬಿಡುತ್ತೆ ಅಂದ್ರು.

ಮಿಕ್ಕಿದ್ದಕ್ಕೆ ಚುಟುಕಾಗಿ: ಕೆಲಸ ಬದಲಾಯಿಸಿದ್ರೆ 14 ದಿನದೊಳಗೆ ಇಮಿಗ್ರೇಷನ್ನಿಗೆ ತಿಳಿಸು. ಸಸ್ಯಾಹಾರಿಯಾಗಿದ್ರೆ ಮಿಸೊ ಸೂಪ್ ಕುಡಿಯೋ ಮುಂಚೆ ಕೇಳು, ಅದಕ್ಕೆ ಹಾಕೋ ದಾಶಿ ಅನ್ನೋ ಕುದಿಸಿದ ರಸದಲ್ಲಿ ಸಾಮಾನ್ಯವಾಗಿ ಮೀನಿರುತ್ತೆ. ಚಳಿಗಾಲ ಹೇಗೋ ಕಳೆಯುತ್ತೆ.

ಅಜ್ಜನ ವಿಷಯಕ್ಕೆ ಬರ್ತೀನಿ. ಆ ವರ್ಷ ನಮ್ಮನೆ ಬಚ್ಚಲ ನಲ್ಲಿ ಸೋರ್ತಿತ್ತು, ಮನೆ ಮಾಲೀಕ ಕಿವಿಗೇ ಹಾಕ್ಕೊಳ್ಳಲಿಲ್ಲ. ಅಜ್ಜನಿಗೆ ಹೇಳ್ಕೊಂಡೆ. ಅವತ್ತು ಅವರು ಮಾಲೀಕ, ನಾನು ಬಾಡಿಗೆಯವಳು, ಪಾಠ ಪೂರಾ ಜಪಾನಿಯಲ್ಲಿ. ದೂರನ್ನ "ಮೋಶಿವಾಕೆ ಆರಿಮಾಸೆನ್ ಗಾ", ಅಂದ್ರೆ 'ಕ್ಷಮಿಸಬೇಕು, ಆದ್ರೆ' ಅಂತಲೇ ಶುರುಮಾಡಬೇಕಂತೆ. ಧ್ವನಿ ಏರಿದಾಗೆಲ್ಲ ಕೈ ಎತ್ತಿ ನಿಲ್ಲಿಸಿ, ಮತ್ತೆ ಮೊದಲಿಂದ ಹೇಳಿಸಿದ್ರು. ಏಳೆಂಟು ಸಲ.

ಮಾರನೇ ದಿನ ಫೋನ್ ಮಾಡಿ ಹಾಗೇ ಹೇಳಿದೆ. ಸಂಜೆಗೆ ಪ್ಲಂಬರ್ ಬಂದ.